ಅಮಾನತ್ತು

ಕುಂಬಳೆಯ ಬಸ್ಸು ಬರುವಷ್ಟರಲ್ಲಿ ಗ್ರಾಮಸಭೆಗೆ ಕೋರಂ ಆಗಿತ್ತು.
ಎಲ್ಪಿ ಶಾಲೆಯ ಕುಳ್ಳ ಬೆಂಚುಗಳಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿ ಕುಳಿತ ದೊಡ್ಡವರು.
ನಾನು ಗುತ್ತಿಗೆಯ ಗುಮಾಸ್ತ. ನಿರ್ಣಯ ಪುಸ್ತಕದಲ್ಲಿ
ಮಲಯಾಳದ ಎದುರು ಕನ್ನಡ ಬರೆಯುವುದು ನನ್ನ ಕೂಲಿ.

ಒಂದು ಟ್ಯಾಂಕಿಗೆ ಹಣ ಬಂದಿತ್ತು, ಒಂದೇ ಒಂದಕ್ಕೆ.
ತಿರುವನಂತಪುರ ಬಿಟ್ಟುಕೊಟ್ಟ ಅಧಿಕಾರ
ಹನ್ನೊಂದನೇ ವಾರ್ಡಿನ ನೆತ್ತಿಯ ಮೇಲೆ ಕೂತು ಕೇಳುತ್ತಿತ್ತು:
ಎಲ್ಲಿಡುವುದು? ನೀವೇ ಹೇಳಿ.

ಪಳ್ಳಿಯ ತಿರುವಿನಲ್ಲಿ, ಎಂದರು ಅಂದುಂಞಿ ಹಾಜಿ.
ವುಳು ಮಾಡಲಿಕ್ಕೆ ನೀರು ಸಾಲದು, ಬೇಸಗೆ ಬೇರೆ.
ಜಮಾತಿನ ಮೂವತ್ತು ಕೈ ಒಟ್ಟಿಗೆ ಎದ್ದವು.
ನಮ್ಮ ಹುಡುಗಿ, ನಮ್ಮ ಓಟು:
ಇದನ್ನು ಯಾರೂ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು.

ಮೆಂಬರು ಮಿಸ್ರಿಯಾ,
ಮೊನ್ನೆ ಮೊನ್ನೆವರೆಗೆ ಕುಟುಂಬಶ್ರೀಯ ಲೆಕ್ಕ ಬರೆದವಳು,
ಏಳು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಇಡೀ ನಿದ್ದೆಗೆಟ್ಟವಳು,
ತಲೆವಸ್ತ್ರ ಸರಿಮಾಡಿಕೊಂಡು
ಹಿಂದಿನ ಬಾಗಿಲಲ್ಲಿ ನಿಂತಿದ್ದ ಚನಿಯಾರನ್ನು ಕರೆದಳು.
ಗುಡ್ಡೆ ಕಾಲನಿಗೆ ದಿನಕ್ಕೆ ಎಷ್ಟು ಕೊಡ?
"ಮನೆಗೆ ಮೂರು. ಇಳಿಯಲಿಕ್ಕೆ ನಾನೂರು ಹೆಜ್ಜೆ.
ಹತ್ತುವಾಗ ಲೆಕ್ಕ ತಪ್ಪುತ್ತದೆ ಅಕ್ಕ."

ಆಮೇಲೆ ಕೇಳಿದ್ದು ಮುಕ್ರಿಕ್ಕನನ್ನು,
ಕೊಡೆ ಮಡಚಿ ಹೊಸ್ತಿಲಲ್ಲಿ ಕುಳಿತಿದ್ದ ಮುದುಕನನ್ನು:
ಒಂದು ವುಳುವಿಗೆ ಎಷ್ಟು ಬೇಕು, ಉಸ್ತಾದೆ?
ಅವನು ಎರಡು ಅಂಗೈ ಕೂಡಿಸಿ ಬೊಗಸೆ ತೋರಿಸಿದ.
"ಹೊಳೆಯ ದಂಡೆಯಲ್ಲಿ ಕೂತರೂ ಇಷ್ಟೇ.
ಚೆಲ್ಲಿದ್ದಕ್ಕೆ ಅಲ್ಲಿ ಬೇರೆ ಪುಸ್ತಕ ಉಂಟು."
ಯಾರೋ ನಕ್ಕರು. ಹಾಜಿಯವರು ನಗಲಿಲ್ಲ,
ಎತ್ತಿದ ಕೈಯನ್ನು ಕನ್ನಡಕ ಒರೆಸಲೆಂಬಂತೆ ಇಳಿಸಿದರು.

ಕೈ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.
ಟ್ಯಾಂಕು ಗುಡ್ಡೆಗೆ. ಮೂರು ಕೈ ಹೆಚ್ಚು.

ಸಹಿ ಹಾಕುವಾಗ ಮಿಸ್ರಿಯಾ ಅಂದಳು:
ಈ ಹಣ ನಮ್ಮದಲ್ಲ ಗುಮಾಸ್ತರೆ, ಅಮಾನತ್ತು.
ಹಾಗೆಂದೇ ಬರೆಯಿರಿ.
ಬರೆದೆ.

ತಿಂಗಳು ಕಳೆದು ಬಂದ, ಕನ್ನಡ ಬಲ್ಲ ಆಡಿಟರು
ಆ ಪದಕ್ಕೆ ಕೆಂಪು ಸುತ್ತು ಎಳೆದು ಕೇಳಿದರು:
ಅಮಾನತ್ತು ಆದದ್ದು ಯಾರು? ಆರ್ಡರು ಎಲ್ಲಿ?
ಹೌದಲ್ಲ! ನಮ್ಮ ಪೇಪರುಗಳಲ್ಲಿ ಆ ಪದಕ್ಕೆ
ಲಂಚ ಮುಟ್ಟಿ ಮನೆಗೆ ಹೋದವರ ಮುಖ.
ಅವಳ ಮದ್ರಸದ ಪಾಠದಲ್ಲಿ ಅದೇ ಪದಕ್ಕೆ
ನೆರೆಯವಳ ಒಡವೆ ದಿಂಬಿನಡಿ ಇಟ್ಟುಕೊಂಡು
ಎಚ್ಚರವಾಗಿ ಮಲಗಿದ ಒಂದು ರಾತ್ರಿ.
ಇದನ್ನೆಲ್ಲ ಆಡಿಟಿನ ಮೇಜಿನ ಎದುರು ನಿಂತು ಹೇಳುವುದುಂಟೇ?
ತಿದ್ದುತ್ತೇನೆ ಸಾರ್, ಎಂದೆ.
ತಿದ್ದಲಿಲ್ಲ.

ಮುಂದಿನ ಸಲ ಅವಳಿಗೆ ಸೀಟಿಲ್ಲವಂತೆ, ಪೇಟೆಯಲ್ಲಿ ಸುದ್ದಿ.
ಗುಡ್ಡೆಯಲ್ಲಿ ಪೈಪು ಇನ್ನೂ ಅರ್ಧ ದಾರಿ.
ನಿನ್ನೆ ಪಳ್ಳಿಯ ಪಕ್ಕದಿಂದ ಬರುವಾಗ ನೋಡಿದೆ:
ವುಳುವಿನ ನಳ್ಳಿಗಳಿಗೆಲ್ಲ ಯಾರೋ ತೆಳ್ಳಗೆ ತಂತಿ ಸುತ್ತಿದ್ದಾರೆ,
ಅರ್ಧಕ್ಕಿಂತ ಹೆಚ್ಚು ತಿರುಗದ ಹಾಗೆ.
ಹೊರಗೆ ನಿಲ್ಲಿಸಿದ್ದ ಹಾಜಿಯವರ ಸ್ಕೂಟರಿನಲ್ಲಿ,
ಮೀನಿನ ಚೀಲದ ಮಗ್ಗುಲಿಗೆ,
ಅದೇ ತಂತಿಯ ಒಂದು ಸುರುಳಿ.