ಸ್ಟಾಪು

ಎಡಗಡೆಯ ದವಡೆಹಲ್ಲನ್ನು ಹೋದ ವರ್ಷ
ಶ್ರೀರಾಮಪುರದಲ್ಲಿ ಕೈಯಲ್ಲೇ ತಿರುವಿ ತಿರುವಿ ಕೆರೆದಿದ್ದರು.
ಮೂರು ರಾತ್ರಿ ದಿಂಬು ಕಚ್ಚಿದೆ.
ಹಗಲು "ಒಳಗೆ ಹೋಗಿ" ಎನ್ನಲಾಗದೆ
ಬರೀ ಸೀಟಿಯಲ್ಲೇ ಮೆಜೆಸ್ಟಿಕ್ ಮುಟ್ಟಿಸಿದೆ.

ಬಲಗಡೆಯದು ಇವತ್ತು, ನವರಂಗ್ ಹತ್ತಿರ.
ಡಾಕ್ಟರ್ ಫಿಲೋಮಿನಾ ಸೂಜಿಗೊಂದು
ಕೆಂಪು ರಬ್ಬರ್ ಚೂರು ಸಿಕ್ಕಿಸಿ
ಸ್ಕೇಲಿಟ್ಟು ಅಳೆದರು: ಹತ್ತೊಂಬತ್ತೂವರೆ.
ಮಿಷನ್ನು ಗುಂಯ್ ಎಂದಿತು.
"ಬೇರಿನ ತುದಿ ದಾಟಬಾರದು.
ಕಸ ಬಾಯಿಕಡೆ ಬರಬೇಕು,
ತುದಿಯಾಚೆ ದಬ್ಬಿದರೆ ರಾತ್ರಿಯಿಡೀ ನೋವು."

ಬಾಯಿ ತೆರೆದೇ ಇತ್ತು, ಹೇಳಲಾಗಲಿಲ್ಲ:
ಮೇಡಂ, ಇದನ್ನು ನಮ್ಮ ಡ್ರೈವರ್ ಚೌಡಪ್ಪನಿಗೂ ಹೇಳಿ,
ಸ್ಟಾಪಿಗಿಂತ ನಾಲ್ಕು ಮಾರು ಮುಂದೆ ನಿಲ್ಲಿಸಿ
ಹೂವಿನ ಬುಟ್ಟಿಯವರನ್ನು ಓಡಿಸುತ್ತಾನೆ.

ಜೋಮು ಇಳಿದ ಮೇಲೆ ನೋವು ಬಂತು,
ಬರಲಿಲ್ಲವೆಂದರೆ ಸುಳ್ಳು.
ಬಂದು, ಒಂದು ಮಾತ್ರೆಗೆ,
ಸ್ಟಾಪಿನಲ್ಲೇ ನಿಂತಿತು.

ದಿಂಬಿನ ಪಕ್ಕ ಸೀಟಿ.
ಐದೂವರೆಗೆ ಡ್ಯೂಟಿ.