ಎರಡು ಅಂಕದ ಪ್ರಶ್ನೆಗಳು

ಕಥಾವಸ್ತು, ಪಾತ್ರ, ಸನ್ನಿವೇಶ, ಸಂಘರ್ಷ,
ತಿರುವು, ನಿರೂಪಕ.
ಬೋರ್ಡಿನ ತುಂಬ ಬರೆದೆ. ಸೀಮೆಸುಣ್ಣ ಮುರಿಯಿತು.
ಬಳ್ಳಾರಿ ಕೌಲ್ ಬಜಾರಿನ ಈ ಮಹಡಿಯಲ್ಲಿ
ರಾತ್ರಿ ಎಂಟಕ್ಕೂ ಗೋಡೆ ಮುಟ್ಟಿದರೆ ಬಿಸಿ;
ಕೆಳಗೆ ಚರಂಡಿಯಲ್ಲಿ ಜೀನ್ಸ್ ತೊಳೆದ ನೀಲಿ ನೀರು.

ಮುಂದಿನ ಬೆಂಚಿಗೆ ಸುಂಕ್ಲಮ್ಮ, ಮೂವತ್ತಾರು ವರ್ಷ,
ಈ ಸಲ ಖಾಸಗಿಯಾಗಿ ಪಿಯುಸಿ ಕಟ್ಟಿದಾಕೆ.
ಪೆನ್ನು ನೀಲಿ, ಉಗುರಿನ ಸಂದಿಯೂ ನೀಲಿ.
"ಸಾರ್, ಎಲ್ಲ ಬಲ್ಲ ನಿರೂಪಕ ಅಂದ್ರೆ ಯಾರು?"

ಎಲ್ಲರ ಮನಸ್ಸೂ ಗೊತ್ತಿರುವವನು, ಅಂದೆ,
ಕತೆಯ ಹಿಂದೂ ಮುಂದೂ ಕಂಡವನು.

ನಕ್ಕುಬಿಟ್ಟಳು.
"ಹಂಗಾರೆ ನಮ್ ಯೂನಿಟ್ನಾಗೆ ಅಂಥೋರು ಯಾರೂ ಇಲ್ಲ ಬಿಡ್ರಿ.
ನಾ ಜಿಪ್ಪು ಹಚ್ಚಾಕಿ. ಮೌಲಾಬಿ ಜೇಬು. ಆಚಿಗೆ ಕುಂತಾಕಿ ಲೂಪು.
ಒಂಬತ್ತು ವರ್ಷಾತು, ಒಂದು ಪ್ಯಾಂಟು ಪೂರಾ ಆಗಿದ್ದು
ನಾ ನೋಡಿದ್ದು ಬಸ್ಸಿನಾಗೆ, ಯಾರೋ ಹಾಕ್ಕೊಂಡಾಗ."
"ಮಾಲೀಕಗೆ ಗೊತ್ತಿರ್ತತಲ್ಲಕ್ಕಾ?" ಹಿಂದಿನಿಂದ ಪಂಪಾಪತಿ.
"ಆತಗೆ ಡಜನ್ ಗೊತ್ತು."

ಪಾಠ ಅಲ್ಲಿಗೆ ಹಳಿ ತಪ್ಪಿತು.
ಹತ್ತು ಸಾಲಿನ ಕತೆ ಬರಕೊಂಡು ಬನ್ನಿ, ಎಂದು ಎದ್ದೆ.
ಇಳಿಯುವಾಗ ಮೆಟ್ಟಿಲ ಕತ್ತಲಲ್ಲಿ, ಯಾರೂ ಇಲ್ಲದಾಗ,
ನನ್ನ ಪ್ಯಾಂಟಿನ ಜೇಬಿನ ಹೊಲಿಗೆ ಮುಟ್ಟಿ ನೋಡಿಕೊಂಡೆ.

ಸೋಮವಾರ ಬಂದವು ಹದಿನಾಲ್ಕು ಕತೆ.
ಹದಿಮೂರರಲ್ಲಿ ಯಾರಾದರೊಬ್ಬರು ಸತ್ತಿದ್ದರು,
ಒಬ್ಬ ಸತ್ತು ಮತ್ತೆ ಎದ್ದಿದ್ದ; ತಿರುವು ಬೇಕಲ್ಲ.
ಸುಂಕ್ಲಮ್ಮನದು ಐದೇ ಸಾಲು:

ಮಧ್ಯಾಹ್ನ ಕರೆಂಟು ಹೋಯಿತು.
ಇಪ್ಪತ್ತಾರು ಮಷೀನು ಒಮ್ಮೆಲೇ ನಿಂತವು.
ಆಗ ಕೇಳಿಸಿತು, ಪಕ್ಕದಲ್ಲಿ ಮೌಲಾಬಿ ಹಾಡುತ್ತಿದ್ದಳು.
ಒಂಬತ್ತು ವರ್ಷದಿಂದ ಹಾಡುತ್ತಿದ್ದಳಂತೆ.
ಕರೆಂಟು ಬಂತು.

ಕೆಂಪು ಪೆನ್ನು ಹಿಡಿದು ಕೂತೆ.
ಪಾತ್ರ ಎರಡು, ಸರಿ. ಸನ್ನಿವೇಶ ಇದೆ.
ಸಂಘರ್ಷ ಯಾರ ಯಾರ ನಡುವೆ?
ಮೌಲಾಬಿಗೂ ಮೋಟರಿಗೂ ಅನ್ನಲೆ?
ಕಡೆಯ ಸಾಲಿನ ಪಕ್ಕ 'ತಿರುವು' ಎಂದು ಬರೆದೆ,
ಹೊಡೆದುಹಾಕಿದೆ. 'ಮುಕ್ತಾಯ' ಎಂದೆ. ಅದೂ ಒಗ್ಗಲಿಲ್ಲ,
ಆಕೆ ಹಾಡುತ್ತಲೇ ಇದ್ದಾಳಲ್ಲ.

"ಎಷ್ಟು ಕೊಟ್ರಿ ಸಾರ್?"
ಅಂಕದ ಜಾಗವನ್ನು ಹೆಬ್ಬೆರಳಲ್ಲಿ ಮುಚ್ಚಿ ಕೇಳಿದೆ:
ಯಾವ ಹಾಡದು?
"ಪಲ್ಲವಿ ಅಷ್ಟೇ ಕೇಳಿದ್ದು ಸಾರ್.
ಮುಂದಿಂದು ಕೇಳೋಣಂದ್ರೆ
ಮತ್ತೆ ಕರೆಂಟು ಹೋಗ್ಬೇಕು."