ಉಳಿದ ಎರಡು ವಾಕ್ಯ

ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯ.
ಶಿಯಾಂಗ್ ಮೇಷ್ಟ್ರ ಮೊದಲ ಸೂತ್ರ.
ಏನು ಹುಡುಕಬೇಕೆಂದು ಗೊತ್ತಿದ್ದವರಿಗಷ್ಟೇ
ಏನಾದರೂ ಸಿಗುತ್ತದಂತೆ.

ರಾತ್ರಿ ಒಂಬತ್ತೂಕಾಲು. ಐವತ್ತೆಂಟು ತಲೆ,
ಐವತ್ತೆಂಟು ಬಿಸಿನೀರಿನ ಫ್ಲಾಸ್ಕು,
ಮೇಜಿನಂಚಿಗೆ ಪುಸ್ತಕದ ಗೋಡೆ ಎಬ್ಬಿಸಿಕೊಂಡು
ಯಾರಿಗೂ ಯಾರೂ ಕಾಣುವುದಿಲ್ಲ.
ಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದ ತೊಂಬತ್ತೇಳು;
ಬೆಳಿಗ್ಗೆ ಸರದಿಯವನು ಬಂದು
ಅಳಿಸಿ ತೊಂಬತ್ತಾರು ಮಾಡುತ್ತಾನೆ.

ಎ ಭಾಗ: ಯಾವುದೋ ಊರಿನ ಮ್ಯೂಸಿಯಮ್ಮಿನ ಟಿಕೆಟ್ ದರ.
ಅಲ್ಲಿಗೆ ಹೋಗುವ ಇರಾದೆ ನನಗಿಲ್ಲ, ಆದರೂ
ಇಬ್ಬರು ದೊಡ್ಡವರು, ಆರು ವರ್ಷದ ಒಂದು ಮಗು,
ಬುಧವಾರ ಮಧ್ಯಾಹ್ನ ಎಷ್ಟಾದೀತು, ಲೆಕ್ಕ ಹಾಕಿ ಕೊಟ್ಟೆ.
ಬಿ ಭಾಗದಲ್ಲಿ ಒಬ್ಬ ಮುದುಕ ಗಡಿಯಾರ ರಿಪೇರಿ ಬಿಟ್ಟು
ಜೇನು ಸಾಕುತ್ತಾನೆ. ಅವನ ಹೆಂಡತಿ ಸತ್ತದ್ದು
ಎರಡು ಅಲ್ಪವಿರಾಮಗಳ ನಡುವೆ, ಐದೇ ಪದದಲ್ಲಿ.
ಅದರ ಮೇಲೆ ಪ್ರಶ್ನೆ ಇಲ್ಲ. ಮುಂದೆ ಹೋದೆ.

ಅಡಿಗೆರೆ ಎಳೆದ ಪದ ತಿಳಿಯದಿದ್ದರೆ ಹೆದರಬೇಡಿ,
ಅಕ್ಕಪಕ್ಕದವರನ್ನು ಕೇಳಿ, ಎನ್ನುತ್ತಾರೆ ಮೇಷ್ಟ್ರು.
ಪದಕ್ಕೂ ನೆರೆಹೊರೆ ಇರುತ್ತದೆ;
ಅದು ಎಂಥದ್ದೆಂದು ಅವರು ಹೇಳಿಯೇ ಹೇಳುತ್ತಾರೆ.

ಸಿ ಭಾಗಕ್ಕೆ ಬಂದರೆ, ನನ್ನದೇ ನದಿ.
ಹೆಸರು ಇಂಗ್ಲಿಷಿನಲ್ಲಿತ್ತು, ಗುರುತು ಹತ್ತಲಿಲ್ಲ ಮೊದಲು,
ನೆಂಟರ ಮದುವೆಗೆಂದು ಕೋಟು ತೊಟ್ಟ ಅಪ್ಪನ ಹಾಗೆ.
ಯಾರೋ ಪ್ರವಾಸಿ, ಹಡಗಿನ ಮೂರನೇ ಮಹಡಿಯಿಂದ,
ನೀರೇರಿದ ಮೇಲೆ ಗುಡ್ಡದಲ್ಲಿ ಕಟ್ಟಿದ ಹೊಸ ಊರು ನೋಡುತ್ತಾನೆ:
ಬಿಳಿಯ ಕಟ್ಟಡ, ಸಾಲುದೀಪ,
ಸಂಜೆ ಚೌಕದಲ್ಲಿ ಕುಣಿಯುವ ಹೆಂಗಸರು.
ಮೂವತ್ತೊಂದನೇ ಪ್ರಶ್ನೆ: ಊರು ಬಿಟ್ಟು ಬಂದವರ ಭಾವನೆ ಏನು?
ಎ ಕೋಪ, ಬಿ ಉದಾಸೀನ, ಸಿ ಸಮಾಧಾನ, ಡಿ ಗೊಂದಲ.

ಆ ಹೆಂಗಸರಲ್ಲಿ ಕೆಂಪು ಬೀಸಣಿಗೆಯವಳು ನನ್ನಜ್ಜಿ ಇರಬಹುದು.
ದಿನಾ ಕುಣಿಯುತ್ತಾಳೆ, ಮೊಣಕಾಲಿಗೆ ಪಟ್ಟಿ ಸುತ್ತಿ.
ಕುಣಿದು ಬಂದು, ಬಾಲ್ಕನಿಯಲ್ಲಿ ನಿಂತು, ಬೆರಳು ಕೆಳಗೆ ಮಾಡಿ,
ಅಗೋ ಆ ದೋಣಿ, ಈಗ
ನಮ್ಮ ಅಡಿಗೆಮನೆಯ ಮೇಲೆ ಬಂತು, ಅನ್ನುತ್ತಾಳೆ.
ತುಸು ಹೊತ್ತಿಗೆ: ಈಗ ಕಿತ್ತಳೆ ಮರಗಳ ಮೇಲೆ.
ದನಿಯಲ್ಲಿ ಕೋಪವಿಲ್ಲ. ಸಮಾಧಾನವೂ ಅಲ್ಲ.
ನಿಲ್ದಾಣಗಳನ್ನು ಕೂಗುವ ಕಂಡಕ್ಟರನ ದನಿ.

ಪೆನ್ಸಿಲ್ಲು ಎತ್ತಿದ್ದು ಎತ್ತಿದ ಹಾಗೇ ಇತ್ತು.
ನಾಲ್ಕರಲ್ಲಿ ಯಾವುದೂ ಅಜ್ಜಿಯಲ್ಲ.
ಕೊನೆಗೆ ಡಿ ಚೌಕವನ್ನು ಕಪ್ಪು ಮಾಡಿದೆ;
ಗೊಂದಲ ಅವಳದಲ್ಲ, ನನ್ನದು.

ತಪ್ಪು. ಎರಡೂವರೆ ಅಂಕ ಹೋಯಿತು.
"ರಾನ್ ಯೂಹೆ, ನಿನಗೆ ಗೊತ್ತಿರುವುದನ್ನು ಯಾರು ಕೇಳಿದರು?
ಗದ್ಯದಲ್ಲಿ ಏನಿದೆ ನೋಡು. ಮೂರನೇ ಪ್ಯಾರಾ, ಎರಡನೇ ಸಾಲು:
ಅವರು ನಗುತ್ತಿದ್ದರು."
ನಗುತ್ತಿದ್ದರು, ನಿಜ.
ಮೇಷ್ಟ್ರ ಮನೆಯೂ ಅದೇ ನೀರಿನ ಕೆಳಗಿದೆ,
ನಮ್ಮದಕ್ಕಿಂತ ತುಸು ಎತ್ತರದಲ್ಲಿ,
ಮೂರು ವರ್ಷ ತಡವಾಗಿ ಮುಳುಗಿತಂತೆ.
ಪೆನ್ನಿನ ತುದಿ ಊರಿದಲ್ಲೇ ಊರಿ
ಕಾಗದದಲ್ಲಿ ಕೆಂಪು ಹರಡಿತು.
"ಸಿ," ಅಂದರು. ಆಮೇಲೆ, "ಪರೀಕ್ಷೆಯಲ್ಲಿ, ಸಿ."

ಕಡೆಯದು ಬಿಟ್ಟಸ್ಥಳ. ಕೋಣೆ ಒಪ್ಪವಾಗಿಡುವುದು ಹೇಗೆ?
ಐದು ಖಾಲಿ ಜಾಗ, ಕೆಳಗೆ ಏಳು ವಾಕ್ಯ.
ಐದಕ್ಕೆ ನೆಲೆ ಸಿಗುತ್ತದೆ. ಎರಡು ಉಳಿಯುತ್ತವೆ,
ಉಳಿಯಲೆಂದೇ ಬರೆದವು.
ವ್ಯಾಕರಣ ಸರಿ, ಕಾಗುಣಿತ ಸರಿ, ಅರ್ಥವೂ ಆಗುತ್ತದೆ;
ಹೋಗಲು ಜಾಗವಿಲ್ಲ, ಅಷ್ಟೆ.
ಗಂಟೆ ಹೊಡೆಯುವಾಗ ಅವೆರಡನ್ನೂ
ಅಂಗೈ ಮೇಲೆ ಬರೆದುಕೊಂಡೆ.

ಹನ್ನೊಂದಕ್ಕೆ ಮನೆ. ಅಜ್ಜಿ ಗಂಜಿ ಬಿಸಿಯಿಟ್ಟಿದ್ದಳು.
ಇವತ್ತೇನು ಓದಿದೆ, ಅಂದಳು. ಅಂಗೈ ಬಿಡಿಸಿ
ನಮ್ಮ ಮಾತಿನಲ್ಲಿ ಹೇಳಿದೆ:
ಮಲಗುವ ಮುಂಚೆ ಒಂದು ಕಿಟಕಿ ತೆರೆದಿಡಿ.
ಕೆಲವು ಸಾಮಾನು ಮೊದಲಿದ್ದ ಕಡೆಯೇ ಚೆನ್ನ.

ಎದ್ದು ಹೋಗಿ ಕಿಟಕಿ ತೆರೆದಳು.
ಕೆಳಗೆ ಒಂದು ದೋಣಿಯ ದೀಪ; ಯಾವುದರ ಮೇಲಿತ್ತೋ,
ಇವತ್ತು ಹೇಳಲಿಲ್ಲ.
ಎರಡನೆಯದು ಯಾರು ಬರೆದದ್ದು, ಅಂದಳು.
ಗೊತ್ತಿಲ್ಲ ಅಜ್ಜಿ, ಅಂದೆ,
ಅದು ಗದ್ಯದಲ್ಲಿಲ್ಲ.